ಮುಟ್ಟು ನಿಂತ ಮೇಲೆ ಯಾರ ಮಾತು ಕೇಳೋದು?

ಡಿಸೆಂಬರ್ ತಿಂಗಳ ಚಳಿ. ಯಡಿಯೂರು ಕೆರೆ ಕಡೆಯಿಂದ ಬೀಸುವ ಗಾಳಿಗೆ ಬೀದಿಯವರೆಲ್ಲ ಕಿವಿಗೆ ಮಫ್ಲರ್ ಸುತ್ತಿಕೊಂಡು ಓಡಾಡುತ್ತಿದ್ದರು. ಅಂಥದ್ದರಲ್ಲಿ ನಾರಾಯಣಮ್ಮ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು, ಸೆರಗು ಸರಿಸಿ, ಮೊರದಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

ಎದುರಿಗೆ ಅವಳ ವಾರಗಿತ್ತಿ ಯಲ್ಲಮ್ಮ ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು.

"ಏನೇ ನಿಂದು? ಊರೆಲ್ಲ ಗಡಗಡ ಅಂತೈತೆ, ನಿಂಗೆ ಸೆಕೆನಾ?"

"ಒಳಗೆ ಯಾರೋ ಒಲೆ ಹಚ್ಚಿದಂಗೆ ಆಯ್ತದೆ ಅಕ್ಕ. ಎದೆಯಿಂದ ಎದ್ದು ಕತ್ತು, ಕೆನ್ನೆ, ನೆತ್ತಿವರೆಗೂ ಕಾವು ಏರ್ತದೆ. ಆಮೇಲೆ ಬೆವರು. ಬೆವರು ಆರಿದ್ರೆ ನಡುಕ."

"ಯಾರದೋ ಕಣ್ಣು ಬಿದ್ದೈತೆ ಬಿಡು. ಮೆಣಸಿನಕಾಯಿ ನೀವಾಳಿಸ್ತೀನಿ."

ನೀವಾಳಿಸಿದ್ದೂ ಆಯಿತು. ತಾಯಿತ ಕಟ್ಟಿಸಿದ್ದೂ ಆಯಿತು. ಕಾವು ಮಾತ್ರ ತನ್ನ ಪಾಡಿಗೆ ತಾನು ಬರುತ್ತಲೇ ಇತ್ತು.

ನಾರಾಯಣಮ್ಮನಿಗೆ ಆಗ ನಲವತ್ತೇಳೋ ನಲವತ್ತೆಂಟೋ. ಗಂಡ ಬೈರಣ್ಣನ ಮನೆಯವರು ಮೊದಲು ರಾಗಿ ಬೆಳೆಯುತ್ತಿದ್ದವರು. ಹೊಲವೆಲ್ಲ ಬಡಾವಣೆಗೆ ಹೋದ ಮೇಲೆ, ಉಳಿದ ಜಾಗದಲ್ಲಿ ಸಾಲಾಗಿ ಸಣ್ಣ ಮನೆಗಳನ್ನು ಕಟ್ಟಿ ಬಾಡಿಗೆಗೆ ಬಿಟ್ಟಿದ್ದ. ಬನಶಂಕರಿ ಕಡೆ ಇಟ್ಟಿಗೆ, ಮರಳು ಮಾರುವ ಅಂಗಡಿಯೂ ಇತ್ತು. ಯಲ್ಲಮ್ಮ ಅವನ ತೀರಿಹೋದ ಅಣ್ಣನ ಹೆಂಡತಿ. ಇಬ್ಬರು ಹೆಂಗಸರೂ ಒಂದೇ ಒಲೆಯಲ್ಲಿ ಅಡುಗೆ ಮಾಡಿಕೊಂಡು ಇಪ್ಪತ್ತೈದು ವರ್ಷ ಬಾಳಿದವರು. ಜಗಳ ಆಡುತ್ತಿದ್ದರು, ಆದರೆ ಒಬ್ಬಳನ್ನು ಬಿಟ್ಟು ಇನ್ನೊಬ್ಬಳು ಊಟ ಮಾಡುತ್ತಿರಲಿಲ್ಲ.

ಆ ವರ್ಷ ಜಗಳ ಜಾಸ್ತಿಯಾಯಿತು. ನಾರಾಯಣಮ್ಮನಿಗೆ ಸುಮ್ಮಸುಮ್ಮನೆ ಸಿಟ್ಟು ಬರುತ್ತಿತ್ತು, ಸಿಟ್ಟು ಇಳಿದರೆ ಅಳು. ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು, ನಿದ್ದೆಯೇ ಇಲ್ಲ. ಬೆಳಿಗ್ಗೆ ಎದ್ದರೆ ಮೈಯೆಲ್ಲ ಜಜ್ಜಿದ ಹಾಗೆ. ಒಂದು ಸಲ ನೆಂಟರ ಮನೆಯ ಗೃಹಪ್ರವೇಶದಲ್ಲಿ ಪಂಕ್ತಿಗೆ ಸಾರು ಬಡಿಸುತ್ತಿದ್ದಳು. ಅಷ್ಟರಲ್ಲಿ ಕಾವು ಏರಿತು. ಕಣ್ಣು ಕತ್ತಲೆ ಬಂತು. ಬಕೆಟ್ಟು ಕೈಜಾರಿ ಎಲೆಗಳ ಮೇಲೆಲ್ಲ ಸಾರು ಚೆಲ್ಲಿತು. "ಬೈರಣ್ಣನ ಹೆಂಡ್ತಿಗೆ ಏನೋ ಮೆಟ್ಕೊಂಡೈತಂತೆ" ಎಂದು ಹಿಂದೆ ಯಾರೋ ಪಿಸುಗುಟ್ಟಿದ್ದು ಅವಳ ಕಿವಿಗೆ ಬಿತ್ತು. ಅವತ್ತಿನಿಂದ ಅವಳು ಯಾರ ಮನೆಗೂ ಹೋಗುವುದನ್ನು ಬಿಟ್ಟಳು.

ಕೊನೆಗೆ ಬೈರಣ್ಣನೇ ಜಯನಗರಕ್ಕೆ, ಡಾಕ್ಟರ್ ಬದರಿನಾಥರ ಹತ್ತಿರ ಕರೆದುಕೊಂಡು ಹೋದ. ಅವರು ಈ ಮನೆಯವರಿಗೆಲ್ಲ ಬಹಳ ಕಾಲದಿಂದ ಔಷಧಿ ಕೊಡುತ್ತಿದ್ದವರು. ಕೈಗುಣ ಒಳ್ಳೆಯದು ಎಂದು ಹೆಸರಿತ್ತು. ಕಾಂಪೌಂಡರ್ ಅಲ್ಲೇ ನಿಂತಿದ್ದರಿಂದ ನಾರಾಯಣಮ್ಮ ಬಾಯಿ ಬಿಡಲು ನಾಚಿದಳು. ಆಮೇಲೆ ಮೆಲ್ಲಗೆ ಹೇಳಿದಳು.

"ಮುಟ್ಟು ನಿಂತು ಒಂದು ವರ್ಷದ ಮೇಲಾಯ್ತು ಸಾರ್. ಅಲ್ಲಿಂದ ಹಿಂಗೆ."

ಡಾಕ್ಟರು ನಕ್ಕರು. "ಇದು ಕಾಯಿಲೆ ಅಲ್ಲಮ್ಮ. ವಯಸ್ಸು. ನಿಮ್ಮ ತಾಯಿ ಇದಕ್ಕೆ ಡಾಕ್ಟ್ರ ಹತ್ರ ಹೋಗಿದ್ರಾ? ಇಲ್ಲ ತಾನೆ? ದೇವರ ಧ್ಯಾನ ಮಾಡಿ. ಮನಸ್ಸಿಗೆ ಹಚ್ಕೋಬೇಡಿ."

ಬಿ ಕಾಂಪ್ಲೆಕ್ಸ್ ಬರೆದರು, ನಿದ್ದೆಗೆ ಒಂದು ಮಾತ್ರೆ ಬರೆದರು. ನಿದ್ದೆ ಮಾತ್ರೆ ತಿಂದರೆ ಮಧ್ಯಾಹ್ನದವರೆಗೂ ತೂಕಡಿಕೆ. ಕಾವು ಮಾತ್ರ ಕಮ್ಮಿಯಾಗಲಿಲ್ಲ.

ಕಾಯಿಲೆ ಅಲ್ಲ ಅಂದ ಮೇಲೆ ಇದೇನು? ನಾರಾಯಣಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಜ್ವರ ಅಂದರೆ ಥರ್ಮಾಮೀಟರಿನಲ್ಲಿ ಕಾಣುತ್ತದೆ. ಗಾಯ ಅಂದರೆ ರಕ್ತ ಬರುತ್ತದೆ. ಇದು ಯಾರಿಗೂ ಕಾಣುವುದಿಲ್ಲ. ಹಾಗಾದರೆ ತನಗೇ ತಲೆ ಕೆಟ್ಟಿದೆಯೇ?

ಮುಂದಿನ ಮನೆಯಲ್ಲಿ ಬಾಡಿಗೆಗೆ ಇದ್ದವರು ಗೌರಮ್ಮ, ಹೈಸ್ಕೂಲ್ ಟೀಚರು. ಒಂದು ಸಾಯಂಕಾಲ ನಲ್ಲಿ ಹತ್ತಿರ ನೀರು ಹಿಡಿಯುವಾಗ ನಾರಾಯಣಮ್ಮನ ಮುಖ ಕೆಂಪೇರಿದ್ದನ್ನು ಕಂಡು ವಿಚಾರಿಸಿದರು.

"ಅಯ್ಯೋ, ಇದನ್ನ ನಾನು ಒಂದು ಇಂಗ್ಲಿಷ್ ಪತ್ರಿಕೇಲಿ ಓದಿದೀನಿ ನಾರಾಯಣಮ್ಮೋರೆ. ನಮ್ಮ ಮೈಯಲ್ಲಿ ಹಾರ್ಮೋನ್ ಅಂತ ಒಂದು ರಸ ಇರುತ್ತೆ. ಮುಟ್ಟು ನಿಲ್ಲೋ ಕಾಲಕ್ಕೆ ಅದು ಇಳಿದುಹೋಗುತ್ತೆ. ಅದಕ್ಕೇ ಈ ಬಿಸಿ, ಬೆವರು, ಸಿಡುಕು ಎಲ್ಲ. ಆ ರಸಾನೇ ಮಾತ್ರೆ ಮಾಡಿ ಕೊಡ್ತಾರಂತೆ."

"ಹಂಗಾರೆ ನಂಗೆ ಹುಚ್ಚು ಹಿಡಿದಿಲ್ವಾ ಟೀಚರಮ್ಮ?"

"ಛೆ, ಯಾರು ಹೇಳಿದ್ದು!"

ನಾರಾಯಣಮ್ಮ ಕೊಡ ಅಲ್ಲೇ ಇಟ್ಟು ಅತ್ತುಬಿಟ್ಟಳು.

ಗೌರಮ್ಮನವರು ಅವಳನ್ನು ಜೆ.ಪಿ. ನಗರದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರ್ ಗೌರೀಶಂಕರ ಫಾರಿನ್ನಿನಲ್ಲಿ ಓದಿ ಬಂದವರು. ಹಸನ್ಮುಖಿ. ಇಂಥದ್ದನ್ನು ದಿನಾ ನೋಡುತ್ತೇನೆ ಎನ್ನುವ ಹಾಗೆ ತಲೆಯಾಡಿಸಿದರು.

"ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಕೊಡಲ್ವಾ? ಇದೂ ಹಾಗೇ. ಮೈಯಲ್ಲಿ ಕಮ್ಮಿಯಾಗಿದ್ದನ್ನ ತುಂಬಿಸ್ತೀವಿ ಅಷ್ಟೆ. ದಿನಾ ಒಂದು ಮಾತ್ರೆ. ನಿಲ್ಲಿಸಬೇಡಿ. ಹತ್ತು ವರ್ಷ ಚಿಕ್ಕವರಾಗ್ತೀರಿ ನೋಡ್ತಿರಿ."

ಹೊಟ್ಟೆ ಮುಟ್ಟಿ ನೋಡಲಿಲ್ಲ. ಎದೆಯಲ್ಲಿ ಗಂಟಿದೆಯೇ ಎಂದು ಕೇಳಲಿಲ್ಲ. ಗರ್ಭಕೋಶ ಪರೀಕ್ಷೆ ಮಾಡಲಿಲ್ಲ. ಮತ್ತೆ ಯಾವಾಗ ಬರಬೇಕು ಎಂದೂ ಹೇಳಲಿಲ್ಲ. ನಾರಾಯಣಮ್ಮನಿಗೆ ಅದೆಲ್ಲ ಕೇಳಬೇಕಾದದ್ದು ಎಂದು ಗೊತ್ತೂ ಇರಲಿಲ್ಲ. ತನ್ನ ಸಂಕಟಕ್ಕೆ ಒಂದು ಹೆಸರಿದೆ, ಔಷಧಿ ಇದೆ ಎನ್ನುವುದೇ ಅವಳಿಗೆ ಸಾಕಾಗಿತ್ತು.

ಮಾತ್ರೆ ಕೆಲಸ ಮಾಡಿತು. ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಕಾವು ಇಳಿಯಿತು. ರಾತ್ರಿ ಗಡದ್ದಾಗಿ ನಿದ್ದೆ ಬಂತು. ರಾಗಿ ಬೀಸುವ ಕಾಲದ ಹಾಡೊಂದನ್ನು ಗುನುಗುತ್ತ ಪಾತ್ರೆ ತೊಳೆಯುತ್ತಿದ್ದ ಹೆಂಡತಿಯನ್ನು ಬೈರಣ್ಣ ಬಾಗಿಲಲ್ಲೇ ನಿಂತು ನೋಡಿದ. "ನಮ್ಮ ನಾರಾಯಣಿ ವಾಪಸ್ ಬಂದ್ಲು" ಎಂದು ಅತ್ತಿಗೆಗೆ ಹೇಳಿ ಅಂಗಡಿಗೆ ಹೋದ. ನಾರಾಯಣಮ್ಮ ಮತ್ತೆ ಮದುವೆ ಮುಂಜಿಗೆ ಓಡಾಡಲು ಶುರು ಮಾಡಿದಳು.

ಯುಗಾದಿ ಆದ ಮೇಲೆ ಅವಳಿಗೆ ಕೆಮ್ಮು ಬಂತು. ಎಂದಿನಂತೆ ಬದರಿನಾಥರ ಹತ್ತಿರ ಹೋದಳು. ಬೇರೆ ಏನು ತಗೊಳ್ತಿದ್ದೀರಿ ಎಂದು ಅವರು ಕೇಳಿದಾಗ, ಸಂಚಿಯಿಂದ ಮಾತ್ರೆ ತೆಗೆದು ಹೆಮ್ಮೆಯಿಂದ ತೋರಿಸಿದಳು. ಡಾಕ್ಟರ ಮುಖ ಬದಲಾಯಿತು.

"ಯಾರು ಕೊಟ್ಟಿದ್ದು ಇದನ್ನ? ಇದನ್ನ ತಗೊಂಡ ಹೆಂಗಸರಿಗೆ ಗರ್ಭಕೋಶದ ಕ್ಯಾನ್ಸರ್ ಬಂದು ಅಮೆರಿಕದಲ್ಲಿ ದೊಡ್ಡ ಗಲಾಟೆ ಆಗಿದೆ. ಹೋಗಿ ಮೋರಿಗೆ ಎಸೀರಿ!"

"ಎಸೆದ್ರೆ ಮತ್ತೆ ಆ ಬಿಸಿ..."

"ಬಿಸಿ ತಡ್ಕೋಬಹುದಮ್ಮ. ಕ್ಯಾನ್ಸರ್ ತಡ್ಕೊಳ್ಳೋಕಾಗುತ್ತಾ?"

ಕ್ಯಾನ್ಸರ್ ಎನ್ನುವ ಮಾತು ಕೇಳಿ ನಾರಾಯಣಮ್ಮ ಮಾತ್ರೆಯನ್ನು ಸಂಚಿಯೊಳಗೆ ತುರುಕಿದಳು. ಅವತ್ತೇ ಮಾತ್ರೆ ನಿಲ್ಲಿಸಿದಳು. ಬೇಸಿಗೆ ಬೇರೆ. ನಿಂತಿದ್ದ ಕಾವು ದುಪ್ಪಟ್ಟಾಗಿ ಬಂತು. ತಡೆಯಲಾರದೆ ಮತ್ತೆ ಜೆ.ಪಿ. ನಗರಕ್ಕೆ ಹೋದರೆ ಗೌರೀಶಂಕರ ನಕ್ಕುಬಿಟ್ಟರು.

"ಹಳೇ ಕಾಲದ ಡಾಕ್ಟ್ರು ಹೀಗೇ ಹೆದರಿಸ್ತಾರೆ. ಧೈರ್ಯವಾಗಿ ತಗೊಳ್ಳಿ."

ಒಬ್ಬರು ಅಮೃತ ಅಂದರು. ಒಬ್ಬರು ವಿಷ ಅಂದರು. ಇಬ್ಬರೂ ಓದಿದವರೇ. ಇಬ್ಬರ ಕುತ್ತಿಗೆಯಲ್ಲೂ ಅದೇ ಸ್ಟೆತಾಸ್ಕೋಪು. ನಾರಾಯಣಮ್ಮ ಯಾರನ್ನು ನಂಬಬೇಕು? ಮಾತ್ರೆ ಕೈಗೆ ತೆಗೆದುಕೊಂಡರೆ ಕ್ಯಾನ್ಸರ್ ನೆನಪಾಗುತ್ತಿತ್ತು. ಕೆಳಗಿಟ್ಟರೆ ಕಾವು ಏರುತ್ತಿತ್ತು. ನುಂಗಲೂ ಇಲ್ಲ, ಎಸೆಯಲೂ ಇಲ್ಲ. ಅಡುಗೆಮನೆ ಗೂಡಿನಲ್ಲಿ ಇಂಗಿನ ಡಬ್ಬಿಯ ಹಿಂದೆ ಇಟ್ಟಳು.

ಅದನ್ನು ಯಲ್ಲಮ್ಮ ನೋಡಿದ್ದಳು. ಅವಳಿಗೆ ಐವತ್ತನಾಲ್ಕು. ಮುಟ್ಟು ನಿಂತು ವರ್ಷಗಳೇ ಆಗಿದ್ದವು. ಮಂಡಿ ನೋವು, ಸೊಂಟ ನೋವು, ಸರಿಯಾಗಿ ನಿದ್ದೆ ಇಲ್ಲ.

"ನೀನು ತಿನ್ನಲ್ಲ ಅಂದ್ರೆ ನಂಗೆ ಕೊಡೇ. ಆ ಮಾತ್ರೆ ತಿಂದಾಗ ಹೆಂಗೆ ಕುದುರೆ ಥರ ಇದ್ದೆ ನೀನು!"

"ಬೇಡ ಅಕ್ಕ. ಕ್ಯಾನ್ಸರ್ ಬರ್ತದಂತೆ."

"ಅಂತ ಒಬ್ಬ ಹೇಳ್ದ. ಇನ್ನೊಬ್ಬ ಬರಲ್ಲ ಅಂದ್ನಲ್ಲ? ನಂಗೆ ಇನ್ನೇನು ವಯಸ್ಸು ಉಳಿದೈತೆ? ಇರೋಷ್ಟು ದಿನ ಮಂಡಿ ನೆಟ್ಟಗಿದ್ರೆ ಸಾಕು."

ತಾನೇ ಗೊಂದಲದಲ್ಲಿದ್ದ ನಾರಾಯಣಮ್ಮ ಇನ್ನೊಬ್ಬರಿಗೆ ಬೇಡ ಎಂದು ಗಟ್ಟಿಯಾಗಿ ಹೇಗೆ ಹೇಳಿಯಾಳು? ಡಬ್ಬಿಯ ಹಿಂದಿನಿಂದ ಮಾತ್ರೆ ತೆಗೆದು ವಾರಗಿತ್ತಿಯ ಕೈಗೆ ಕೊಟ್ಟಳು.

ಒಂದು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಯಲ್ಲಮ್ಮ ದೇವರ ದೀಪ ಹಚ್ಚಲು ಬರಲಿಲ್ಲ. ಹಿತ್ತಲ ಬಾಗಿಲಲ್ಲಿ ಕೂತಿದ್ದಳು. ಮುಖದಲ್ಲಿ ನಾಚಿಕೆಯೂ ಇತ್ತು, ಒಂದು ತೆರನ ನಗುವೂ ಇತ್ತು.

"ಲೇ, ನಾನು ಮತ್ತೆ ಹೊರಗಾದೆ ಕಣೆ! ನಿನ್ನ ಮಾತ್ರೆ ನನ್ನ ಹುಡುಗಿ ಮಾಡಿಬಿಡ್ತು."

ನಾರಾಯಣಮ್ಮನೂ ನಗಲು ಹೋದಳು. ನಗು ಬರಲಿಲ್ಲ. ಇದು ಒಳ್ಳೆಯದೋ ಕೆಟ್ಟದ್ದೋ? ಬತ್ತಿದ ಬಾವಿಯಲ್ಲಿ ನೀರು ಬಂದರೆ ಒಳ್ಳೆಯದು. ನಿಂತ ಮುಟ್ಟು ತಿರುಗಿ ಬಂದರೆ? ಬೈರಣ್ಣನಿಗೆ ಹೇಳಲು ಸಂಕೋಚ. ಗೌರಮ್ಮನವರು ಸ್ಕೂಲಿಗೆ ಹೊರಟಿದ್ದರು. ಅವರನ್ನೇ ಗೇಟಿನ ಹತ್ತಿರ ನಿಲ್ಲಿಸಿ ಕೇಳಿದಳು. ಗೌರಮ್ಮನವರ ಮುಖ ಸಪ್ಪಗಾಯಿತು.

"ಮುಟ್ಟು ನಿಂತು ವರ್ಷಗಳಾದ ಮೇಲೆ ರಕ್ತ ಕಂಡ್ರೆ ಸುಮ್ಮನಿರಬಾರದು ಅಂತ ಎಲ್ಲೋ ಕೇಳಿದ ನೆನಪು. ನನಗೂ ಸರಿಯಾಗಿ ಗೊತ್ತಿಲ್ಲ. ನಿಮ್ಮನ್ನ ಆ ಡಾಕ್ಟ್ರ ಹತ್ರ ಕರ್ಕೊಂಡು ಹೋದವಳೂ ನಾನೇ. ಈ ಸಲ ಹೆಂಗಸರ ಡಾಕ್ಟ್ರಿಗೇ ತೋರಿಸೋಣ. ಬನಶಂಕರೀಲಿ ಡಾಕ್ಟರ್ ಮರಿಯಮ್ಮ ಅಂತ ಇದ್ದಾರೆ. ನಮ್ಮ ಸ್ಕೂಲಿನ ಟೀಚರುಗಳೆಲ್ಲ ಅಲ್ಲಿಗೇ ಹೋಗೋದು."

ಬೈರಣ್ಣನಿಗೆ ವಿಷಯ ಗೊತ್ತಾದಾಗ ಅವನು ಕೂಗಾಡಿದ. "ಮೂರನೇ ಡಾಕ್ಟ್ರಾ? ಮೂರನೇವರು ಮೂರನೇ ಮಾತು ಹೇಳ್ತಾರೆ ಅಷ್ಟೆ! ಎರಡು ಮಾತು ಕೇಳೇ ಮನೆ ಹಾಳಾಗೈತೆ. ಅತ್ತಿಗೇಗೆ ಒಂದೆರಡು ದಿನ ರೆಸ್ಟ್ ಕೊಡಿ, ಸರಿಹೋಯ್ತದೆ."

"ಸರಿಹೋಗ್ದೆ ಇದ್ರೆ?" ಎಂದಳು ನಾರಾಯಣಮ್ಮ. "ಮಾತ್ರೆ ಕೊಟ್ಟಿದ್ದು ನಾನು ಕಣ್ರೀ. ನನ್ನ ಕೈಯಾರೆ ಕೊಟ್ಟೆ."

ಬೈರಣ್ಣ ಹೋಗಿ ಆಟೋ ತಂದ.

ಡಾಕ್ಟರ್ ಮರಿಯಮ್ಮನವರದು ಸಣ್ಣ ಕ್ಲಿನಿಕ್ಕು. ಅವರು ಮೊದಲು ಬೈರಣ್ಣನನ್ನು ಹೊರಗೆ ಕೂರಿಸಿದರು. ಬಾಗಿಲು ಹಾಕಿ, ಹೆಂಗಸರ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು.

"ಯಲ್ಲಮ್ಮ, ರಕ್ತ ಕಾಣಿಸಿದ್ದು ಇದೇ ಮೊದಲಾ? ಅದಕ್ಕೂ ಮುಂಚೆ ಸಣ್ಣ ಕಲೆ ಏನಾದ್ರೂ?"

ಯಲ್ಲಮ್ಮ ತಲೆ ತಗ್ಗಿಸಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. ಡಾಕ್ಟರು ಅವಸರ ಮಾಡಲಿಲ್ಲ.

"ದೀಪಾವಳಿ ಟೈಮಿಂದ ಒಂದೊಂದು ಸಲ ಕಾಣ್ತಿತ್ತು ತಾಯಿ."

"ಅಕ್ಕಾ!" ಎಂದಳು ನಾರಾಯಣಮ್ಮ. ದೀಪಾವಳಿ ಎಂದರೆ ಆ ಮಾತ್ರೆ ಇನ್ನೂ ಮನೆಗೇ ಬಂದಿರಲಿಲ್ಲ. "ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಗಂಡ ಸತ್ತವಳು ನಾನು. ಈ ವಯಸ್ಸಲ್ಲಿ ಹಿಂಗಾಗೈತೆ ಅಂದ್ರೆ ಜನ ಏನಂದ್ಕೊಂಡಾರು? ಬಟ್ಟೆ ಒಗೆದು ಒಣಗಿಹಾಕೋಕೂ ಹೆದರಿಕೆ. ಮಾತ್ರೆ ತಿಂದ ಮೇಲೆ ಜಾಸ್ತಿ ಆಯ್ತು. ಆಗ ಮಾತ್ರೆಯಿಂದ ಆಯ್ತು ಅಂತ ಹೇಳೋಕೆ ಒಂದು ನೆಪ ಸಿಕ್ತು. ಅದಕ್ಕೇ ಹೇಳ್ದೆ."

ನಾರಾಯಣಮ್ಮ ವಾರಗಿತ್ತಿಯನ್ನೇ ನೋಡಿದಳು. ಒಂದೇ ಹಿತ್ತಲಲ್ಲಿ ಬಟ್ಟೆ ಒಗೆದವರು ಅವರು. ಒಬ್ಬಳ ಕಾವು ಊರಿಗೆಲ್ಲ ಕಂಡಿತ್ತು. ಇನ್ನೊಬ್ಬಳ ರಕ್ತ ಪಕ್ಕದಲ್ಲಿದ್ದವಳಿಗೂ ಕಂಡಿರಲಿಲ್ಲ.

ಡಾಕ್ಟರು ಪರೀಕ್ಷೆ ಮಾಡಿದರು. ಆ ವಾರವೇ ಯಲ್ಲಮ್ಮನಿಗೆ ಮಂಪರು ಕೊಟ್ಟು, ಗರ್ಭಕೋಶದ ಒಳಪದರವನ್ನು ಸ್ವಲ್ಪ ಕೆರೆದು ತೆಗೆದು ಲ್ಯಾಬಿಗೆ ಕಳಿಸಿದರು. ರಿಪೋರ್ಟು ಬಂದ ದಿನ ಎಲ್ಲರನ್ನೂ ಕೂರಿಸಿ, ಮುಚ್ಚುಮರೆ ಇಲ್ಲದೆ ಹೇಳಿದರು.

"ಕ್ಯಾನ್ಸರ್ ಇದೆ. ಆದರೆ ಈಗಷ್ಟೇ ಶುರುವಾದದ್ದು. ಗರ್ಭಕೋಶದಿಂದ ಆಚೆ ಹೋದ ಹಾಗೆ ಕಾಣಲ್ಲ. ಆಪರೇಷನ್ ಮಾಡಿ ಗರ್ಭಕೋಶ ತೆಗೆದ್ರೆ ಚೆನ್ನಾಗಿ ಗುಣವಾಗೋ ಸಂಭವ ಇದೆ. ತಡ ಮಾಡಬಾರದು."

ನಾರಾಯಣಮ್ಮ ನೆಲಕ್ಕೆ ಕುಸಿದಳು. "ನಾನೇ ಕೊಂದೆ. ನಾನೇ ಕೊಟ್ಟೆ ಆ ಮಾತ್ರೇನ."

ಮರಿಯಮ್ಮನವರು ಅವಳನ್ನು ಹಿಡಿದು ಎಬ್ಬಿಸಿದರು. "ಕೇಳಿಲ್ಲಿ. ಒಂದು ತಿಂಗಳ ಮಾತ್ರೆಗೆ ಕ್ಯಾನ್ಸರ್ ಹುಟ್ಟಲ್ಲ. ಅದು ಮೊದಲೇ ಒಳಗಿತ್ತು. ದೀಪಾವಳಿಗೇ ಕಲೆ ತೋರಿಸಿ ಕೂಗಿ ಹೇಳ್ತಿತ್ತು. ಕೇಳಿಸ್ಕೊಳ್ಳೋರು ಯಾರೂ ಇರಲಿಲ್ಲ. ಆದರೂ ನೀವು ಮಾಡಿದ್ದು ತಪ್ಪು. ರಕ್ತ ಕಾಣ್ತಿರೋ ಹೆಂಗಸಿಗೆ ಈ ಮಾತ್ರೆ ಕೊಡಲೇಬಾರದು. ನಿಮಗೆ ಬರೆದುಕೊಟ್ಟ ಮಾತ್ರೇನ ಅಕ್ಕ ಆಗಲಿ, ತಂಗಿ ಆಗಲಿ, ಇನ್ನೊಬ್ಬರಿಗೆ ಕೊಡಬಾರದು."

ಆಪರೇಷನ್ ದೊಡ್ಡಾಸ್ಪತ್ರೆಯಲ್ಲಿ ಆಯಿತು. ರಕ್ತ ಬೇಕು ಎಂದಾಗ ಬೈರಣ್ಣನೇ ತೋಳು ಚಾಚಿದ. ನಾರಾಯಣಮ್ಮ ಹಗಲೆಲ್ಲ ವಾರ್ಡಿನಲ್ಲಿ ಕೂತಿರುತ್ತಿದ್ದಳು. ಯಲ್ಲಮ್ಮನಿಗೆ ಗಂಜಿ ಕುಡಿಸುವಾಗ ತನ್ನ ಕಾವು ಏರಿ ಬೆವರು ಇಳಿದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಯಲ್ಲಮ್ಮನೇ ಅವಳ ಹಣೆ ಒರೆಸಿದಳು.

"ನನ್ನ ನೋಡ್ಕೊಳ್ಳೋಕೆ ಬಂದವಳಿಗೆ ನಾನೇ ಗಾಳಿ ಹಾಕ್ಬೇಕೇನೆ? ಹೋಗು, ಆ ಮರಿಯಮ್ಮನಿಗೆ ನಿನ್ನನ್ನೂ ತೋರಿಸ್ಕೋ."

ಯಲ್ಲಮ್ಮ ಮನೆಗೆ ಬಂದು ಸ್ವಲ್ಪ ಓಡಾಡುವ ಹಾಗಾದ ಮೇಲೆ ನಾರಾಯಣಮ್ಮ ಹೋದಳು. ಈ ಸಲ ಬೈರಣ್ಣನೂ ಒಳಗೆ ಬಂದು ಕೂತ. ಅವಳು ಕುರ್ಚಿಯ ತುದಿಯಲ್ಲಿ ಕೂತು ಒಂದೇ ಮಾತು ಕೇಳಿದಳು.

"ಸುತ್ತಿ ಬಳಸಿ ಬೇಡ ಮೇಡಂ. ಆ ಮಾತ್ರೆ ಅಮೃತಾನಾ, ವಿಷಾನಾ?"

"ಎರಡೂ ಅಲ್ಲ. ಔಷಧಿ. ಕೆಲವರಿಗೆ ಹೊಂದುತ್ತೆ, ಕೆಲವರಿಗೆ ಹೊಂದಲ್ಲ."

"ಮತ್ತೆ ಆ ಇಬ್ಬರು ಡಾಕ್ಟ್ರು ಯಾಕೆ ಹಂಗಂದ್ರು?"

ಮರಿಯಮ್ಮನವರು ಪೆನ್ನು ಕೆಳಗಿಟ್ಟರು. "ಹೊರದೇಶದಲ್ಲಿ ಒಂದು ಕಾಲಕ್ಕೆ ಈ ಮಾತ್ರೇನ ಕೇಳಿದವರಿಗೆಲ್ಲ ಕೊಟ್ರು. ಹೆಂಗಸರಿಗೆ ಸುಖ ಆಯ್ತು. ಆಮೇಲೆ ಬರೀ ಇದೊಂದನ್ನೇ ವರ್ಷಗಟ್ಟಲೆ ತಗೊಂಡವರಲ್ಲಿ ಗರ್ಭಕೋಶದ ಕ್ಯಾನ್ಸರ್ ಜಾಸ್ತಿ ಕಂಡುಬಂತು. ಆಗ ಕೆಲವು ಡಾಕ್ಟ್ರು ಹೆದರಿ ಪೂರ್ತಿ ಕೈಬಿಟ್ರು. ಕೆಲವರು ಏನೂ ಆಗೇ ಇಲ್ಲ ಅನ್ನೋ ಹಾಗೆ ಮುಂದುವರಿಸಿದ್ರು. ಇನ್ನು ಕೆಲವರು ಹೆಂಗಸರ ಕಷ್ಟ ಕಷ್ಟವೇ ಅಲ್ಲ, ತಡ್ಕೊಳ್ಳಲಿ ಅಂದ್ರು. ನಿಮಗೆ ಸಿಕ್ಕಿದ್ದು ಇಂಥವರ ಮಾತು."

"ಈಗ ಏನು ಅಂತಾರೆ?"

"ಗರ್ಭಕೋಶ ಇರೋ ಹೆಂಗಸಿಗೆ ಆ ಮಾತ್ರೆ ಒಂದೇ ಕೊಟ್ರೆ, ಒಳಪದರ ದಪ್ಪ ಆಗ್ತಾ ಹೋಗುತ್ತೆ. ಜತೆಗೆ ಇನ್ನೊಂದು ಹಾರ್ಮೋನ್ ಮಾತ್ರೆ ಕೊಟ್ರೆ ಪದರ ಹತೋಟೀಲಿ ಇರುತ್ತೆ."

ನಾರಾಯಣಮ್ಮ ಯೋಚಿಸಿದಳು. "ಬರೀ ಗೊಬ್ಬರ ಹಾಕಿ, ಕಳೆ ಕೀಳದೆ ಬಿಟ್ಟಂಗೆ."

"ಹೆಚ್ಚೂಕಮ್ಮಿ ಹಾಗೇ." ಡಾಕ್ಟರು ನಕ್ಕರು. "ಅದಕ್ಕೂ ಮುಂಚೆ ಎದೆ ನೋಡಬೇಕು, ಬೀಪಿ ನೋಡಬೇಕು, ಗರ್ಭಕೋಶ ನೋಡಬೇಕು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ, ಎದೆ ಕ್ಯಾನ್ಸರ್ ಆದವರಿಗೆ, ಲಿವರ್ ಕೆಟ್ಟವರಿಗೆ ಕೊಡಬಾರದು. ಕೊಟ್ಟ ಮೇಲೂ ಆಗಾಗ ನೋಡ್ತಿರಬೇಕು. ಕಷ್ಟ ಇರೋಷ್ಟು ಕಾಲ ಮಾತ್ರ."

"ಇಷ್ಟೆಲ್ಲ ನೋಡಿಕೊಂಡು ಕೊಟ್ರೆ ಏನೂ ತೊಂದ್ರೆ ಇಲ್ಲ ತಾನೆ?" ಎಂದ ಬೈರಣ್ಣ.

"ಹಾಗಂತ ಆಣೆ ಮಾಡಿ ಹೇಳಲಾರೆ. ಬಹಳ ವರ್ಷ ತಗೊಂಡ್ರೆ ಏನಾಗುತ್ತೆ ಅನ್ನೋದು ನಮಗೂ ಪೂರ್ತಿ ಗೊತ್ತಿಲ್ಲ. ಇನ್ನೂ ಅಧ್ಯಯನ ಮಾಡ್ತಾನೇ ಇದ್ದಾರೆ."

ಹೊರಗೆ ಬಂದ ಮೇಲೆ ಬೈರಣ್ಣ ಗೊಣಗಿದ. "ಗೊತ್ತಿಲ್ಲ ಅನ್ನೋ ಡಾಕ್ಟ್ರ ಹತ್ರ ಯಾಕೆ ಬರ್ಬೇಕು? ಆ ಇಬ್ಬರೇ ವಾಸಿ. ಒಂದು ಮಾತು ಅಂತ ಹೇಳಿದ್ರು."

ನಾರಾಯಣಮ್ಮ ಬಸ್‌ಸ್ಟಾಪಿನವರೆಗೂ ನಡೆದಳು. ಅವಳ ತಲೆಯಲ್ಲೂ ಗೊಂದಲ ಪೂರ್ತಿ ಹೋಗಿರಲಿಲ್ಲ. ಆದರೆ ಈ ಗೊಂದಲ ಬೇರೆ ಥರದ್ದು ಎನ್ನಿಸಿತು. ಮೊದಲು ಕಣ್ಣಿಗೆ ಬಟ್ಟೆ ಕಟ್ಟಿ ರಸ್ತೆ ದಾಟು ಎಂದ ಹಾಗಿತ್ತು. ಈಗ ಕಣ್ಣು ಬಿಚ್ಚಿದೆ. ರಸ್ತೆಯಲ್ಲಿ ಬಸ್ಸು ಲಾರಿ ಓಡಾಡುತ್ತಲೇ ಇವೆ.

"ರೀ, ಅವರಿಬ್ಬರೂ ಗೊತ್ತು ಅಂದ್ರು. ಅದರಲ್ಲಿ ಒಬ್ಬರಾದ್ರೂ ನನ್ನ ಹೊಟ್ಟೆ ಮುಟ್ಟಿ ನೋಡಿದ್ರಾ? ರಾತ್ರಿ ಹೆಂಗೆ ಮಲಗ್ತೀಯ ಅಂತ ಕೇಳಿದ್ರಾ? ಈಯಮ್ಮ ಎಲ್ಲಾ ಕೇಳಿದ್ರು. ಗೊತ್ತಿರೋದನ್ನೂ ಹೇಳಿದ್ರು, ಗೊತ್ತಿಲ್ಲದ್ದನ್ನೂ ಹೇಳಿದ್ರು. ಅಂಗಡೀಲಿ ನೀವು ಗೋಡೆಗೆ ಎಷ್ಟು ಇಟ್ಟಿಗೆ ಬೇಕು ಅಂತ ಜಾಗ ನೋಡ್ದೆ ಹೇಳ್ತೀರಾ?"

"ಜಾಗ ನೋಡ್ದೆ ಹೆಂಗೆ ಹೇಳೋಕಾಯ್ತದೆ?" ಎಂದ ಬೈರಣ್ಣ. ಆಮೇಲೆ, "ಸರಿ ಬಿಡು. ಪರೀಕ್ಷೆ ಮಾಡಿಸು. ನಾನೂ ಬರ್ತೀನಿ" ಎಂದ.

ಪರೀಕ್ಷೆಯಲ್ಲಿ ಅವಳ ಗರ್ಭಕೋಶದ ಪದರ ಕೊಂಚ ದಪ್ಪವಾಗಿತ್ತು. ಕೆಟ್ಟದ್ದೇನೂ ಸಿಗಲಿಲ್ಲ. ಸ್ವಲ್ಪ ಕಾಲ ಕಾದು, ಇನ್ನೊಮ್ಮೆ ನೋಡಿ, ಆಮೇಲೆ ಮರಿಯಮ್ಮನವರು ಎರಡು ದಾರಿ ಮುಂದಿಟ್ಟರು. ಮಾತ್ರೆ ಇಲ್ಲದೆ ಸಂಭಾಳಿಸುವುದಾದರೆ ಹತ್ತಿ ಬಟ್ಟೆ, ಕಾಫಿ ಕಮ್ಮಿ, ಸಂಜೆ ನಡಿಗೆ. ಮಾತ್ರೆ ಬೇಕೆಂದರೆ ಎರಡು ಥರದ್ದೂ ಸೇರಿಸಿ, ಕಮ್ಮಿ ಪ್ರಮಾಣದಲ್ಲಿ, ಕಣ್ಗಾವಲಿನಲ್ಲಿ. ಯಾವುದು ಬೇಕು ಎಂದು ಕೇಳಿದರು. ಡಾಕ್ಟರೊಬ್ಬರು ತನ್ನನ್ನು ಯಾವುದು ಬೇಕು ಎಂದು ಕೇಳಿದ್ದು ನಾರಾಯಣಮ್ಮನ ಜೀವನದಲ್ಲಿ ಅದೇ ಮೊದಲು. "ಯೋಚನೆ ಮಾಡಿ ಹೇಳ್ತೀನಿ" ಎಂದು ಎದ್ದು ಬಂದಳು.

ಮಳೆಗಾಲ ಕಳೆಯುವವರೆಗೂ ಮಾತ್ರೆ ಇಲ್ಲದೆ ನೋಡಿದಳು. ಕಾವು ಒಂದಿಷ್ಟು ತಗ್ಗಿತು, ಸಾಕಷ್ಟು ತಗ್ಗಲಿಲ್ಲ. ದೀಪಾವಳಿ ಹೊತ್ತಿಗೆ ಅವಳೇ ಹೋಗಿ, "ಮಾತ್ರೆ ಕೊಡಿ ಮೇಡಂ. ಹೆದರಿಕೆ ಐತೆ. ಆದ್ರೂ ಕೊಡಿ. ನೀವು ನೋಡ್ತಿರ್ತೀರಲ್ಲ" ಎಂದಳು. ಎರಡು ತಿಂಗಳಲ್ಲಿ ನಿದ್ದೆ ಮರಳಿತು. ಹೇಳಿದ ದಿನ ಹೇಳಿದ ಹಾಗೆ ಪರೀಕ್ಷೆಗೆ ಹೋಗುವುದನ್ನು ಅವಳು ತಪ್ಪಿಸಲಿಲ್ಲ. ಯಲ್ಲಮ್ಮನೂ ಚೇತರಿಸಿಕೊಂಡು ಒಲೆ ಮುಂದೆ ಬಂದು ಕೂತಳು. ಉಪ್ಪು ಜಾಸ್ತಿ, ಹುಳಿ ಕಮ್ಮಿ ಎಂದು ಜಗಳವೂ ಶುರುವಾಯಿತು.

ಒಂದು ದಿನ ಬೈರಣ್ಣನಿಗೆ ಜ್ವರ ಬಂದು ಬದರಿನಾಥರ ಹತ್ತಿರ ಹೋಗಬೇಕಾಯಿತು. ನಾರಾಯಣಮ್ಮನೂ ಹೋದಳು. ಬೈರಣ್ಣನನ್ನು ನೋಡಿದ ಮೇಲೆ ಡಾಕ್ಟರು ಯಲ್ಲಮ್ಮನ ಸಂಗತಿ ಕೇಳಿದರು. ನಾರಾಯಣಮ್ಮ ನಡೆದದ್ದೆಲ್ಲ ಹೇಳಿದಳು. ತಾನು ಈಗ ಎರಡು ಮಾತ್ರೆ ತಗೊಳ್ಳುತ್ತಿರುವುದನ್ನೂ ಹೇಳಿದಳು. ಬೈಗುಳ ಬೀಳುತ್ತದೆ ಎಂದು ಮೈ ಗಟ್ಟಿ ಮಾಡಿಕೊಂಡಳು.

ಡಾಕ್ಟರು ಬೈಯಲಿಲ್ಲ. ಕಾಂಪೌಂಡರನ್ನು ಯಾವುದೋ ಕೆಲಸಕ್ಕೆ ಹೊರಗೆ ಕಳಿಸಿದರು. ಕನ್ನಡಕ ತೆಗೆದು ಒರೆಸಿದರು.

"ಆ ಡಾಕ್ಟ್ರು ಎಷ್ಟು ಹೊತ್ತು ಮಾತಾಡಿದ್ರಮ್ಮ ನಿಮ್ಮ ಹತ್ರ?"

"ತುಂಬಾ ಹೊತ್ತು ಸಾರ್. ನಾನು ಕೇಳಿದ್ದೇ ಕೇಳಿದ್ರೂ ಬೇಜಾರು ಮಾಡ್ಕೊಳ್ಳಲಿಲ್ಲ."

"ನಮ್ಮನೆಯವರು ಎರಡು ವರ್ಷದಿಂದ ರಾತ್ರಿ ಎದ್ದು ವರಾಂಡದಲ್ಲಿ ಕೂತಿರ್ತಾರೆ." ಡಾಕ್ಟರು ಅವಳ ಕಡೆ ನೋಡದೆ ಹೇಳಿದರು. "ನಿಮಗೆ ಹೇಳಿದ್ದನ್ನೇ ಅವರಿಗೂ ಹೇಳಿದ್ದೆ. ವಯಸ್ಸು, ದೇವರ ಧ್ಯಾನ ಮಾಡು ಅಂತ. ಈಗ ಅವರು ನನ್ನ ಹತ್ರ ಏನೂ ಹೇಳೋದೇ ಇಲ್ಲ. ಆ ಕ್ಲಿನಿಕ್ ಬನಶಂಕರೀಲಿ ಎಲ್ಲಿ ಬರುತ್ತೆ?"

ನಾರಾಯಣಮ್ಮ ದಾರಿ ಹೇಳಿದಳು. ಬಾಗಿಲವರೆಗೂ ಹೋದವಳು ತಿರುಗಿ ನಿಂತಳು.

"ಸಾರ್, ಅಮ್ಮಾವ್ರಿಗೆ ಒಬ್ಬರೇ ಹೋಗೋಕೆ ಸಂಕೋಚ ಆದ್ರೆ, ನಾನು ಜತೆಗೆ ಬರ್ತೀನಿ ಅಂತ ಹೇಳಿ."

ಅಕ್ಕತಂಗಿಯರೇ, ಇದು ಎಂಬತ್ತರ ದಶಕದಲ್ಲಿ ನಡೆದ ಕಥೆ. ಆಮೇಲೆ ಮಾತ್ರೆಗಳು ಬದಲಾಗಿವೆ, ಪರೀಕ್ಷೆಗಳು ಬದಲಾಗಿವೆ. ಆದರೆ ಈ ವಿಷಯದಲ್ಲಿ ಇಬ್ಬರು ಡಾಕ್ಟರು ಎರಡು ಮಾತು ಹೇಳುವುದು ಇವತ್ತಿಗೂ ಉಂಟು. ಅದಕ್ಕೆ ಹೆದರಿ ಮನೆಯಲ್ಲಿ ಕೂರಬೇಡಿ. ನಿಮ್ಮ ಮೈ ಕಾವು, ನಿಮ್ಮ ನಿದ್ದೆಗೇಡು, ನಿಮ್ಮ ಅಳು ಹುಚ್ಚಲ್ಲ, ದೆವ್ವವಲ್ಲ, ನಾಚಿಕೆಯ ವಿಷಯವೂ ಅಲ್ಲ. ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ. ಈ ಔಷಧಿ ನನಗೆ ಯಾಕೆ, ಎಷ್ಟು ಕಾಲ, ಇದರಿಂದ ಏನು ತೊಂದರೆ ಬರಬಹುದು ಎಂದು ಧೈರ್ಯವಾಗಿ ಕೇಳಿ. ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ. ಪರೀಕ್ಷೆ ಇಲ್ಲದೆ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳಬೇಡಿ. ನಿಮ್ಮ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಬೇಡಿ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತಡ ಮಾಡದೆ ಡಾಕ್ಟರಿಗೆ ತೋರಿಸಿ. ಮನೆಯ ಗಂಡಸರೇ, ಅವಳು ಸಿಡುಕಿದರೆ ಸಿಟ್ಟಾಗಬೇಡಿ. ಜತೆಗೆ ಹೋಗಿ, ಪಕ್ಕದಲ್ಲಿ ಕೂರಿ.

ನಿಮ್ಮ ಮನೆಯಲ್ಲೂ ಯಾರೋ ಒಬ್ಬಳು ಹೇಳಲಾರದೆ ಸುಮ್ಮನಿರಬಹುದು. ಇವತ್ತೇ ಕೇಳಿ ನೋಡಿ.